ಗೋಡೆಯ ಮೇಲಿನ ಗಾಜಿನ ಪಟ್ಟಿ

ಯಾರ ಮನೆಗೆ ಹೋದರೂ ಬಿರುಕು ಭಾವ ಮೊದಲು ವಿಚಾರಿಸುವುದು ಗೋಡೆಗಳ ಕ್ಷೇಮವನ್ನು. ಮನೆಯವರ ಸರದಿ ಆಮೇಲೆ. ಕತ್ತು ಸದಾ ಮೇಲಕ್ಕೆ, ಬೆರಳ ಗೆಣ್ಣು ಗಾರೆಯ ಮೇಲೆ, ಬಾಯಲ್ಲಿ ‘ನೋಡೋಣ, ನೋಡೋಣ’ ಎಂಬ ಅಖಂಡ ಜಪ. ಹಳೆಯ ಕಟ್ಟಡಗಳ ಜೀರ್ಣೋದ್ಧಾರವೇ ಕಸುಬಾದ ಈ ಎಂಜಿನಿಯರು, ಹೆಂಡತಿಯ ತಮ್ಮಂದಿರು ಇಟ್ಟ ಹೆಸರನ್ನು ಬಿರುದಿನಂತೆ ಧರಿಸಿದ್ದರು. ಅದರ ಜೊತೆಗೆ, ಟಾರ್ಚು ಸೀಮೆಸುಣ್ಣಗಳ ಭಾರಕ್ಕೆ ಜೇಬು ಜೋತುಬಿದ್ದ ಬೂದು ಕೋಟನ್ನೂ.

ನದೀತೀರದ ಪುರಾತನ ಸುಂಕದ ಕಚೇರಿಯನ್ನು ಕೆಡವಲೇಬೇಕೆಂದು ಉಳಿದ ಎಂಜಿನಿಯರುಗಳೆಲ್ಲ ಒಂದೇ ಬಾಯಲ್ಲಿ ಹೇಳಿದಾಗ, ‘ಗೋಡೆ ನಿಲ್ಲುತ್ತೆ, ನಾನಿದೀನಿ’ ಎಂದು ಪಟ್ಟು ಹಿಡಿದವರು ಇವರೊಬ್ಬರೇ. ಅದರ ಗೋಡೆಯಲ್ಲಿದ್ದ ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಅಂಟಿಸಿದರು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯಬೇಕು. ಕಟ್ಟಡ ಉಳಿಯಿತು, ಅಲ್ಲೊಂದು ಫ್ರೆಂಚ್ ರೆಸ್ಟೋರೆಂಟೂ ಬಂತು. ಭಾವ ಮಾತ್ರ ಆ ಬೀದಿಯನ್ನೇ ತುಳಿಯಲಿಲ್ಲ. ತಪಾಸಣೆಗೆ ಕಿರಿಯರನ್ನು ಕಳಿಸುವರು. ಅವರು ‘ಸರಿಯಾಗಿದೆ ಸರ್’ ಎಂದರೆ ನಂಬರು. ಗೋಡೆಯ ಕೆಳಗೆ ಜನ ನೆಮ್ಮದಿಯಾಗಿ ಕೂತು ಉಣ್ಣುತ್ತಿದ್ದಾರೆಂಬುದನ್ನು ನೆನೆದರೆ ಅವರ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ.

ಕೊನೆಗೆ ಮದುವೆಯ ವಾರ್ಷಿಕೋತ್ಸವದ ನೆಪದಲ್ಲಿ ಹೆಂಡತಿಯೇ, ಎಲ್ಲಿಗೆಂದು ಬಾಯಿಬಿಡದೆ, ಒಂದು ಮಧ್ಯಾಹ್ನ ಅವರನ್ನು ಅಲ್ಲಿಗೇ ಕರೆತಂದರು. ಬಿಳಿಯ ಮೇಜುವಸ್ತ್ರ, ಬಾಗಿ ನಿಂತ ಮಾಣಿ, ಭಾವನ ಕೈಯಲ್ಲಿ ತಲೆಕೆಳಗಾದ ಮೆನು. ಕಣ್ಣು ಗೋಡೆಯ ಮೇಲೆ. ಗಾಜಿನ ಪಟ್ಟಿ ಇರಬೇಕಾದ ಜಾಗದಲ್ಲಿ ಹಣ್ಣಿನ ಬುಟ್ಟಿಯ ದೊಡ್ಡದೊಂದು ವರ್ಣಚಿತ್ರ!

“ಈರುಳ್ಳಿ ಸೂಪು ಆರ್ತಾ ಇದೆ,” ಎಂದರು ಹೆಂಡತಿ.

“ನೋಡೋಣ.”

“ಏನ್ ನೋಡೋಣ? ಹೋಗಿ ನೋಡ್ಕೊಂಡೇ ಬನ್ನಿ. ಎಷ್ಟು ದಿನ ಅಂತ ಹೀಗೆ ಸಾಯ್ತೀರಿ?”

ಕೊರಳಿಗೆ ಸಿಕ್ಕಿಸಿದ ಕರವಸ್ತ್ರದ ಸಮೇತ ಭಾವ ಎದ್ದರು, ಕುರ್ಚಿ ಹತ್ತಿದರು, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ ಎರಡೂ ಕೈಯಿಂದ ಚಿತ್ರವನ್ನು ಪಕ್ಕಕ್ಕೆ ಸರಿಸಿದರು. “ಸರ್, ಸರ್, ಅದು ಮಾರಾಟಕ್ಕಲ್ಲ!” ಎಂದು ಮಾಣಿ ಓಡಿಬಂದ. ಸುತ್ತಲಿನ ಚಮಚಗಳೆಲ್ಲ ನಿಂತವು.

ಧೂಳು ಹಿಡಿದ ಗಾಜು ಅಖಂಡವಾಗಿತ್ತು.

“ಇದೆ ಕಣೇ,” ಎಂದರು ಭಾವ, ಇಳಿದು ಕುಳಿತು. ಮೊದಲ ಬಾರಿಗೆ ಆ ಕೋಟನ್ನು ಕಳಚಿ ಕುರ್ಚಿಗೆ ಹಾಕಿದರು. ಆರಿದ ಸೂಪನ್ನು ಬಟ್ಟಲು ಬಳಿದು ಮುಗಿಸಿ ಹೆಂಡತಿಯ ಬ್ರೆಡ್ಡಿಗೂ ಕೈ ಹಾಕಿದರು. ಹೆಂಡತಿ ತಟ್ಟೆಯನ್ನೇ ಅವರತ್ತ ತಳ್ಳಿದರು.

ಗಟ್ಟಿಯಾಗಿ ಭರವಸೆ ಕೊಡುವವರೆಲ್ಲ ನಿಶ್ಚಿಂತರೆಂದು ನಾವು ಭಾವಿಸುತ್ತೇವೆ. ಅವರಲ್ಲಿ ಕೆಲವರಾದರೂ ತಾವು ಕೊಟ್ಟ ಮಾತಿನ ಕೆಳಗೆ ಒಬ್ಬರೇ ಕೂತು ಮೇಲೆ ನೋಡುತ್ತಿರುತ್ತಾರೆ. ಅವರು ಹಾಗೆ ನೋಡುತ್ತಿರುವುದರಿಂದಲೇ ಉಳಿದವರು ತಟ್ಟೆ ನೋಡಿಕೊಂಡು ಉಣ್ಣುತ್ತಾರೆ.