ಭರತಿ ನೋಡುವಾಕಿ

ಚಟ್ಟದ ಮೇಲೆ ಮಲಗಿಸುವಾಗ ಭಾಗೀರಥೀಬಾಯಿಯ ತಲೆ ಒಂದು ಕಡೆ ವಾಲಿತು. ಮಗಳು ಸಂಪದಾ ಕೈ ಚಾಚುವಷ್ಟರಲ್ಲಿ ಪಕ್ಕದ ಮನೆಯ ಪರಸವ್ವ ಹಿಡಿದು ನೆಟ್ಟಗೆ ಮಾಡಿದಳು. ಹಾಸಿಗೆ ಹಿಡಿದ ಮುದುಕಿಗೆ ಗಂಜಿ ಕುಡಿಸಿ, ತೊಳೆದು ಬಳಿದು ಮಾಡಿದವಳೂ ಆಕೆಯೇ. ಹೆತ್ತ ಮಗಳು ಕಾರವಾರದಿಂದ ವರ್ಷಕ್ಕೊಮ್ಮೆ ಬರುವ ನೆಂಟಳಾಗಿದ್ದಳು.

ಮಗ ಅಮೋಲ ಬೆಂಕಿಯ ಗಡಿಗೆ ಹಿಡಿದು ಮುಂದೆ ನಡೆದ. ಗಂಡಸರು ವಿಜಯಪುರದ ಇಬ್ರಾಹಿಂಪುರ ರೈಲ್ವೆ ಗೇಟು ದಾಟಿದರು. ಹೆಂಗಸರು ಕಟ್ಟೆಯ ಮೇಲೆ ಕುಳಿತರು.

"ನಿಮ್ಮವ್ವ ನಿಮ್ಮ ಹೆಸರ ತಗೀದ ಒಂದ ದಿನ ಇದ್ದಾಕಿ ಅಲ್ರಿ," ಪರಸವ್ವ ಕಣ್ಣೊರೆಸಿಕೊಂಡಳು. "'ನನ್ನ ಸಂಪದಾ ಭರತಿ ನೋಡ್ಕೋತಾಳ, ನಿನ್ನ ಮಾಲಾನ್ನ ನೌಕರಿಗಿ ಹಚ್ಚತಾಳ' ಅಂತಿದ್ಳು. ಈಕಿ ಬಿ.ಎ. ಮುಗಿಸಿ ಕುಂತಾಳ. ಇವತ್ತ ಕೇಳಬಾರದು ಖರೆ. ಆದ್ರ ನೀವು ಹೋದಮ್ಯಾಲ ಮತ್ತ ಯಾವಾಗ ಕೇಳ್ಲಿರಿ?"

ಬಾಗಿಲಲ್ಲಿ ಆಕೆಯ ಮಗಳು ಮಾಲಾ ಸರ್ಟಿಫಿಕೇಟಿನ ಚೀಲ ಎದೆಗೊತ್ತಿಕೊಂಡು ನಿಂತಿದ್ದಳು.

*

"ಓಣಿಯವರು ಕೇಳ್ತಾರ. ಏನ ಕೆಲಸ ಅನ್ನಲಿ?" ಅವ್ವ ಹಿಂದೊಮ್ಮೆ ಫೋನಿನಲ್ಲಿ ಕೇಳಿದ್ದಳು.

ಸಮುದ್ರ ಉಬ್ಬರಿಸಿದಾಗ ನೀರಿನ ಭಾರಕ್ಕೆ ದಂಡೆಯ ನೆಲವೇ ಒಂದಿಷ್ಟು ಕುಸಿಯುತ್ತದೆ, ನೀರು ಇಳಿದಾಗ ಮತ್ತೆ ಏಳುತ್ತದೆ. ಅದನ್ನು ಅಳೆಯುವುದೇ ಸಂಪದಾಳ ಕೆಲಸ. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು?

"ಭರತಿ ನೋಡ್ಕೋತೀನಿ ಅನ್ನು. ಪೂರಾ ಹೇಳಿದ್ರ ನಿನಗ ತಿಳಿಯೂದಿಲ್ಲ ಬಿಡು," ಎಂದು ಸಂಪದಾ ಫೋನಿಟ್ಟಿದ್ದಳು. ಕಾರವಾರದವರ ಬಾಯಲ್ಲಿ ಭರತಿ ಎಂದರೆ ಉಬ್ಬರ. ವಿಜಯಪುರದವರಿಗೆ ಭರತಿ ಎಂದರೆ ನೌಕರಿಗೆ ತೆಗೆದುಕೊಳ್ಳುವುದು.

*

'ನೋಡೂಣು' ಎಂಬ ಮಾತು ಸಂಪದಾಳ ತುಟಿಗೆ ಬಂದಿತ್ತು. ಅಂದಿದ್ದರೆ ಅವ್ವನ ಮಾತೂ ಉಳಿಯುತ್ತಿತ್ತು, ತನ್ನ ಮಾನವೂ. ಅಷ್ಟರಲ್ಲಿ ಮಾಲಾ ಚೀಲದ ಜಿಪ್ಪು ಎಳೆಯತೊಡಗಿದಳು.

"ಅದು ನೌಕರಿ ಭರತಿ ಅಲ್ಲ, ಪರಸವ್ವ. ಸಮುದ್ರದ ನೀರಿಂದು. ಅವ್ವಗ ನಾನ ಸರಿಯಾಗಿ ಹೇಳಲಿಲ್ಲ. ನೌಕರಿ ಕೊಡೂದು ನನ್ನ ಕೈಯಾಗ ಇಲ್ಲ."

"ನೀರ ನೋಡಾಕ ಪಗಾರ ಕೊಡ್ತಾರನ ಬೇ?" ಎಂದಳು ಒಬ್ಬ ಮುದುಕಿ. ಯಾರೂ ನಗಲಿಲ್ಲ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನುತ್ತಾರಲ್ಲ, ಅಂಥ ನಾಚಿಕೆ ಸಂಪದಾಳಿಗೆ.

ಪರಸವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹಂಗಾರ ನಿಮ್ಮವ್ವಗೂ ಗೊತ್ತಿದ್ದಿಲ್ಲ. ಪಾಪ, ಸುಳ್ಳ ಹೇಳಿಲ್ಲ ಬಿಡ್ರಿ ಆಕಿ."

ಎದ್ದು ಹಿತ್ತಿಲಿಗೆ ಹೋಗಿ, ನೆನೆಹಾಕಿದ್ದ ಭಾಗೀರಥೀಬಾಯಿಯ ಹಾಸಿಗೆಯ ಕೌದಿಯನ್ನು ಮೇಲೆತ್ತಿದಳು. ಸಂಪದಾ ಓಡಿಹೋಗಿ ಇನ್ನೊಂದು ತುದಿ ಹಿಡಿದಳು. ಯಾವ ಕಡೆ ತಿರುವಬೇಕೋ ತಿಳಿಯದ ಅವಳು ಪರಸವ್ವ ತಿರುವಿ ಹಿಂಡಿದ್ದನ್ನೆಲ್ಲ ಬಿಚ್ಚುತ್ತಿದ್ದಳು. ಮಾಲಾ ಬಂದು, ಚೀಲವನ್ನು ಗೋಡೆಗೆ ಆನಿಸಿಟ್ಟು, ಸಂಪದಾಳ ಕೈಯಿಂದ ಕೌದಿಯ ತುದಿ ಬಿಡಿಸಿಕೊಂಡಳು. ತಾಯಿ ಮಗಳು ಕೂಡಿ ಹಿಂಡಿದರು. ರಾಡಿ ನೀರು ಸಂಪದಾಳ ಪಾದದ ಮೇಲೆ ಹರಿಯಿತು.