ಎರಡು-ನಾಲ್ಕರ ಕೈ

“ಬಲಗೈದು ನಾಲ್ಕು ಪಾಯಿಂಟ್ ಒಂಬತ್ತು, ಎಡಗೈದು ಮೂರು ಪಾಯಿಂಟ್ ಒಂದು. ಅಂದ್ರ ಬಲಗೈನೇ ಜಬರದಸ್ತ್ ಅದ ಅಂತ ಆಯ್ತಲ್ಲ, ಅಂಬಾದಾಸ?” ಅಂದಳು ವಜೀರಬಿ.

ಬಸವಕಲ್ಯಾಣದ ಬಜಾರಿನಲ್ಲಿ ನನ್ನ ಝೆರಾಕ್ಸ್ ಅಂಗಡಿ, ಗೋಡೆಗೆ ಗೋಡೆ ಹಚ್ಚಿ ಆಕೆಯ ಬಳೆ ಅಂಗಡಿ. ನಲವತ್ತು ವರ್ಷದಿಂದ ಆಕೆ ಅಂಕಿ ಓದಿದ್ದು ಬಳೆ ಡಬ್ಬಿಗಳ ಮೇಲಷ್ಟೇ. ಎರಡು-ನಾಲ್ಕು ಅಂದರೆ ಸಣ್ಣ ಕೈ, ಎರಡು-ಎಂಟು ಅಂದರೆ ದೊಡ್ಡ ಕೈ, ಮುಗೀತು. ನಿನ್ನೆ ಹುಮನಾಬಾದಿನಲ್ಲಿ ನರದ ತಪಾಸಣೆ ಮಾಡಿಸಿಕೊಂಡು ಬಂದಿದ್ದಳು. ಆ ರಿಪೋರ್ಟನ್ನೂ ಬಳೆ ಡಬ್ಬಿ ಓದಿದಂತೆಯೇ ಓದುತ್ತ ಕೂತಿದ್ದಳು.

ಮೂರು ತಿಂಗಳಿಂದ ಬಲಗೈಯ ಹೆಬ್ಬೆರಳು, ಅದರ ಬಾಜೂ ಎರಡು ಬೆರಳು ಜೋಮು. ಬಳೆ ತೊಡಿಸುವವರಿಗೆ ಆ ಮೂರು ಬೆರಳೇ ಕಣ್ಣು. ಗಿರಾಕಿಯ ಕೈ ಹಿಸುಕಿ, ಗಾಜು ಇನ್ನೆಷ್ಟು ತಾಳೀತು ಅಂತ ಅವೇ ಹೇಳಬೇಕು. ತಡೆದು ತಡೆದು ಏರಿದ ಬಳೆಯೇ ಬಳೆ. ಸಡಿಲ ಬಳೆ ತೊಡಿಸುವುದೆಂದರೆ ವಜೀರಬಿಗೆ ಸೋತಂತೆ. ಹೋದ ವಾರ ಗೋರ್ಟಾದ ಕೇಶರಬಾಯಿಯ ಕೈಯಲ್ಲಿ ಬಳೆ ಒಡೆಯಿತು. ರಕ್ತ ಕಂಡ ಮೇಲೆಯೇ ಈಕೆಗೆ ಗೊತ್ತಾದದ್ದು.

ಇವತ್ತು ನನ್ನ ಮಗಳು ವಿಶಾಖಾಳ ಮದುವೆ ಬಳೆ; ಅವಳೂ ನಾನೂ ವಜೀರಬಿಯ ಅಂಗಡಿಗೆ ಬಂದು ಕೂತಿದ್ದೆವು. ನನ್ನ ಹೆಂಡತಿಗೂ ತೊಡಿಸಿದವಳು ಈಕೆಯೇ. ತೊಡಿಸಲೋ ಬೇಡವೋ, ಕಾಗದ ಏನನ್ನುತ್ತದೋ ನೋಡಿ ಹೇಳು ಅಂತ ಕೂತಿದ್ದಳು. ನಾನೋ ಏಳನೇ ಇಯತ್ತೆ ಓದಿದವ, ಮಂದಿಯ ಕಾಗದ ಝೆರಾಕ್ಸ್ ಮಾಡುತ್ತ ಮಾಡುತ್ತ ಇಂಗ್ಲಿಷ್ ಕಲಿತವ. ಕನ್ನಡಕ ಏರಿಸಿ ಕೆಳಗಿನ ಸಾಲು ನೋಡಿದೆ.

“ಆಪಾ, ಇಲ್ಲಿ ಬಲಗೈಗೆ ನಲವತ್ತೊಂದು, ಎಡಗೈಗೆ ಐವತ್ತಾರು ಅಂತದ.”

“ಈಗಷ್ಟ ಬಲಗೈ ದೊಡ್ಡದಿತ್ತಲ್ಲ?”

“ಮ್ಯಾಲಿನ ಸಾಲಿನಾಗ ದೊಡ್ಡದು, ಕೆಳಗಿನ ಸಾಲಿನಾಗ ಸಣ್ಣದು.”

“ಕೈ ಅದೇ ಅದ. ಎರಡು ಸಾಲು ಇಳಿಯೋದ್ರಾಗ ಹ್ಯಾಂಗ ಬದಲಾಗ್ತದ? ಕಾಗದ ತಲಿಕೆಳಗ ಹಿಡದೀಯೇನು ನೋಡು.”

ವಿಶಾಖಾ ನಕ್ಕಳು. ನಾನು ಮತ್ತೆ ಮೊದಲಿಂದ ಓದಿದೆ, ಮತ್ತೆ ಅಲ್ಲೇ ಬಂದು ನಿಂತೆ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಅಬ್‌ನಾರ್ಮಲ್ ಅಂತಿತ್ತು.

“ಅಂದ್ರ ಕೈ ಹೋಯ್ತೇನು?”

“ಕಿರುಬೆರಳಿನ ನರ ಪಾಸಾಗ್ಯಾದ ಆಪಾ.”

“ಅದನ್ನ ತೊಗೊಂಡು ಏನು ಮಾಡ್ಲಿ, ಕಿವಿ ಕೆರಕೊಳ್ಳಲೇನು?”

ರಿಪೋರ್ಟಿನ ಮೇಲೆ ನಂಬರ್ ಇತ್ತು. ಫೋನ್ ಹಚ್ಚಿ ಸ್ಪೀಕರಿನಲ್ಲಿ ಇಟ್ಟೆ. ತಪಾಸಣೆ ಮಾಡಿದ ಹುಡುಗಿ ಮಿಸ್ಬಾ ಎತ್ತಿದಳು. ವಜೀರಬಿಯೇ ಫೋನಿಗೆ ಬಾಗಿ ಎರಡು ಸಾಲಿನ ಗೊಂದಲ ಕೇಳಿದಳು.

“ಖಾಲಾ, ಮ್ಯಾಲಿನ ಅಂಕಿ ಹೊತ್ತಿಂದು. ಮಣಿಕಟ್ಟಿಗೆ ಕರೆಂಟ್ ಕೊಟ್ಟ ಮ್ಯಾಲ ಹೆಬ್ಬೆರಳು ಮಿಸುಕಾಕ ಎಷ್ಟು ಹೊತ್ತು ಹಿಡೀತು ಅಂತ. ಕೆಳಗಿಂದು ವೇಗ. ಬೆರಳಿಂದ ಮಣಿಕಟ್ಟಿಗೆ ಸುದ್ದಿ ಎಷ್ಟು ಜೋರು ಓಡ್ತದ ಅಂತ.”

“ಮತ್ತ ಒಂದು ಹೆಚ್ಚು, ಒಂದು ಕಡಿಮಿ ಯಾಕವ್ವ?”

“ಹುಮನಾಬಾದ್ ಬಸ್ ತಿಳಕೊಳ್ರಿ. ಹೊತ್ತು ಹೆಚ್ಚಾತು ಅಂದ್ರೂ ಅಷ್ಟೇ, ವೇಗ ಕಡಿಮಿ ಆತು ಅಂದ್ರೂ ಅಷ್ಟೇ. ಬಸ್ ಲೇಟು.”

“ಎರಡೂ ಸಾಲು ಒಂದೇ ಮಾತು ಹೇಳಾಕತ್ತಾವಾ?”

“ಹೌದ್ರಿ. ಬಲ ಮಣಿಕಟ್ಟಿನಾಗ ನರ ಒತ್ತಿಕೊಂಡಂಗ ಕಾಣ್ತದ. ಮುಂದಿಂದು ಡಾಕ್ಟರು ಕೈ ನೋಡಿ ಹೇಳಬೇಕು, ಸೋಮವಾರ ಬರ್ರಿ.”

“ಸೋಮವಾರ ಅಂದ್ರ ಹುಡುಗಿ ಗಂಡನ ಮನ್ಯಾಗ ಇರ್ತಾಳ. ಇವತ್ತು ಬಳಿ ತೊಡಸಲೇನು, ಬ್ಯಾಡೇನು?”

“ಅದು ಕಾಗದದಾಗ ಇರಂಗಿಲ್ಲ, ಖಾಲಾ.”

ಫೋನ್ ಇಟ್ಟ ಮೇಲೂ ವಜೀರಬಿ ಕಾಗದ ಬಿಡಲಿಲ್ಲ. ಮೇಲಿನ ಸಾಲಿನ ಮೇಲೆ ಒಂದು ಬೆರಳು, ಕೆಳಗಿನ ಸಾಲಿನ ಮೇಲೆ ಒಂದು ಬೆರಳು ಇಟ್ಟು ಕೂತಳು.

“ಬಸ್ ಲೇಟಾದ್ರೂ ಬರ್ತದಲ್ಲ, ಅಂಬಾದಾಸ?”

“ಬರ್ತದ ಆಪಾ.”

“ಅಷ್ಟರಾಗ ಬಳಿ ಒಡದಿರ್ತದ.”

ವಿಶಾಖಾ ಕೈ ಮುಂದೆ ಮಾಡಿ, “ಚಾಚಿ, ನಿಮ್ಮ ಕೈಲೇ ಆಗಬೇಕು,” ಅಂದಳು.

“ನಿಂದು ಎರಡು-ನಾಲ್ಕರ ಕೈ ಅದ, ಬೇಟಿ.”

“ನಿಮಗ ಹ್ಯಾಂಗ ತಿಳೀತದ ಹಂಗ ಮಾಡ್ರಿ.”

ಮುಂಜಾನೆಯೇ ಆರಿಸಿಟ್ಟಿದ್ದ ಎರಡು-ನಾಲ್ಕರ ಹಸಿರು ಬಳೆಗಳನ್ನು ವಜೀರಬಿ ಡಬ್ಬಿಗೆ ವಾಪಸ್ ಹಾಕಿದಳು. ಎರಡು-ಆರರ ಡಬ್ಬಿ ಎಳೆದಳು. ಬಳೆ ಎಲ್ಲೂ ತಡೆಯದೆ ಸರ್ರನೆ ಏರಿ ಮಣಿಕಟ್ಟಿನಲ್ಲಿ ಕೂತಿತು. ಆಕೆ ಬಳೆಗೂ ಕೈಗೂ ನಡುವೆ ತನ್ನ ಕಿರುಬೆರಳು ತೂರಿಸಿ, ಸಡಿಲು ಎಷ್ಟಿದೆ ಅಂತ ನೋಡಿದಳು.