ಹಾಡಲು ಉಸಿರು ಉಳಿಯಬಾರದು

ನಾನು ಬಾಯಿ ಜೋರಿನ ಹೆಂಗಸು. ರಾಯಚೂರಿನ ನಮ್ಮ ಹೈಸ್ಕೂಲಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಪಿ.ಟಿ. ಟೀಚರ್ ಶಶಿಕಲಾ ಸೀಟಿ ಊದಿದರೆ ಹೆಡ್‌ಮಾಸ್ತರರೂ ಎದ್ದು ನಿಲ್ಲುತ್ತಾರೆ ಅಂತಾರೆ. ಪರೀಕ್ಷೆ ಬಂತೆಂದು ಗಣಿತದ ಅಂಬರೀಶ ಸರ್ ನನ್ನ ಆಟದ ಪಿರಿಯಡ್ ಕೇಳಲು ಬಂದಾಗೆಲ್ಲ ಜಗಳ ತೆಗೆದಿದ್ದೇನೆ. "ಓಡಿ ಬೆವತ ಹುಡುಗರಿಗೆ ಪಾಠ ತಲಿಗೆ ಹತ್ತತದ್ರೀ ಸರ್. ಕೂತು ಕೂತು ಮೆದುಳಿಗೂ ಜಂಗು ಹಿಡಿತದ" ಎಂದು ಇಡೀ ಸ್ಟಾಫ್‌ರೂಮಿನ ಎದುರು ಹೇಳಿದವಳು ನಾನು. ಮನೆಯಲ್ಲಿ ಹಡೆದವ್ವನನ್ನು ಹದಿನಾರು ವರ್ಷ ಕುರ್ಚಿಯಲ್ಲಿ ಕೂಡ್ರಿಸಿದವಳೂ ನಾನೇ.

ಅವ್ವ ಬಸ್ಸಮ್ಮ ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ಲಿನವಳು. ಗೌಡರ ಗದ್ದೆಯ ಕೆಸರಲ್ಲಿ ನಿಂತು ಭತ್ತ ನಾಟಿ ಮಾಡಿ ನನ್ನನ್ನು ಓದಿಸಿದಳು. ನಾನು ಹಸುಗೂಸಾಗಿದ್ದಾಗ ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಿದ್ದಳಂತೆ. ಮಧ್ಯಾಹ್ನ ಒಂದು ಗಳಿಗೆ ಮನೆಗೆ ಹೋಗಿ ಹಾಲು ಕುಡಿಸಿ ಬರ್ತೀನಿ ಎಂದರೆ ಗೌಡರ ಹೆಂಡತಿ ಗೌಡಸಾನಿ ಬಿಡುತ್ತಿರಲಿಲ್ಲವಂತೆ.

ದೇವದುರ್ಗದಲ್ಲಿ ನನಗೆ ಮೊದಲ ನೌಕರಿ ಸಿಕ್ಕಾಗ ಅವಳನ್ನೂ ಕರೆದುಕೊಂಡು ಹೋದೆ. ಒಂದು ಸಂಜೆ ಶಾಲೆಯಿಂದ ಬರುವಾಗ ನೋಡುತ್ತೇನೆ, ಹತ್ತಿ ಬಿಡಿಸುವ ಹೆಂಗಸರ ಜೊತೆ ಟಂಟಂ ಆಟೋದಿಂದ ಅವ್ವ ಇಳಿಯುತ್ತಿದ್ದಾಳೆ. ನನಗೆ ಮೈಯೆಲ್ಲ ಉರಿಯಿತು.

"ಟೀಚರ್ ಅವ್ವ ಕೂಲಿಗೆ ಹೋದ್ರ ನಾ ಯಾವ ಮಾರಿ ಹೊತ್ತು ಸಾಲಿಗೆ ಹೋಗ್ಲಿ ಬೇ?"

"ಸುಮ್ನ ಕೂತ್ರ ಕೈಕಾಲು ಹಿಡ್ಕೊಂತಾವ ಶಶಿ."

"ಹಿಡ್ಕೊಳ್ಳಿ ಬಿಡು. ದುಡದದ್ದು ಸಾಕು. ಇನ್ನ ಮ್ಯಾಲ ನೀ ಒಂದು ಕಡ್ಡಿ ಎತ್ತಿಡಂಗಿಲ್ಲ."

ಅವತ್ತೇ ಬುದ್ಧನ ಫೋಟೋದ ಕೆಳಗೆ ಕುರ್ಚಿ ಹಾಕಿದೆ. ರಾಯಚೂರಿಗೆ ವರ್ಗವಾದಾಗ ಆ ಕುರ್ಚಿಯೂ ಬಂತು. ಮನೆಗೆಲಸಕ್ಕೆ ದಾವಲ್ ಬೀಯನ್ನು ಇಟ್ಟುಕೊಂಡೆ. ಅವ್ವ ಪೊರಕೆ ಹಿಡಿದರೆ ಕಸಿದುಕೊಂಡೆ, ಕೊಡ ಎತ್ತಿದರೆ ಬೈದೆ, ಓಣಿಯ ತುದಿಯ ಅಂಗಡಿಗೂ ಆಟೋ ಕರೆಸಿದೆ. "ಅಮ್ಮಾರಿಗೆ ಒಂದೀಟು ಓಡಾಡಾಕ ಬಿಡ್ರೀ ಟೀಚರ್, ಮಂಕಾಗ್ಯಾರ" ಎಂದ ದಾವಲ್ ಬೀಗೆ "ನಿನ್ನ ಕೆಲಸ ನೀ ನೋಡ್ಕೋ" ಎಂದೆ. ಅವ್ವನನ್ನು ರಾಣಿ ಹಾಗೆ ಇಟ್ಟಿದ್ದೇನೆ ಎಂದು ಓಣಿ ತುಂಬ ಹೇಳಿಕೊಂಡು ತಿರುಗಿದೆ. ಏನು ಸೊಕ್ಕು ನನ್ನದು!

ಮೊದಲು ಅವಳು ಉಂಡದ್ದನ್ನು ಮರೆತಳು. ಆಮೇಲೆ ದಾವಲ್ ಬೀಯ ಹೆಸರು. ಒಂದು ಮುಂಜಾನೆ, ಬಚ್ಚಲು ಎಲ್ಲಿದೆ ಎಂದು ನನ್ನನ್ನೇ ಕೇಳಿದಳು. ಆಗ ಡಾಕ್ಟರ್ ಜಾಹೆದಾ ಅವರ ಹತ್ತಿರ ಓಡಿದೆ.

"ದಿನಕ್ಕ ಎಷ್ಟು ನಡೀತಾರ?" ಎಂದರು.

"ಹದಿನಾರು ವರ್ಷ ಆತ್ರೀ ಮೇಡಂ, ನಾ ಅಕಿನ್ನ ಕುರ್ಚಿ ಬಿಟ್ಟು ಏಳಾಕ ಬಿಟ್ಟಿಲ್ಲ" ಎಂದೆ, ಹೆಮ್ಮೆಯಿಂದಲೇ.

ಅವರು ಪೆನ್ನು ಕೆಳಗಿಟ್ಟರು. "ಅದೊಂದ ಕಾರಣ ಅಂತ ನಾ ಹೇಳಂಗಿಲ್ಲ. ವಯಸ್ಸು ಅದ, ಬಿಪಿ ಅದ. ಆದ್ರ ಉಸಿರು ಏರೋ ಹಂಗ ದಿನಾ ನಡದ್ರ ಮೆದುಳಿಗೆ ರಕ್ತ ಚಲೋ ಹರೀತದ, ನೆನಪಿನ ಜಾಗ ಜಲ್ದಿ ಸೊರಗಂಗಿಲ್ಲ. ಸಣ್ಣ ಹುಡುಗರಿಗೂ ಅಷ್ಟ, ಮುದುಕರಿಗೂ ಅಷ್ಟ. ನೀವು ಪಿ.ಟಿ. ಟೀಚರ್, ನಿಮಗ ನಾ ಹೇಳಬೇಕೇನ್ರೀ?"

ನನಗೆ ಮುಖ ಎತ್ತಲಾಗಲಿಲ್ಲ. "ಹೋದದ್ದು ತಿರುಗಿ ಬರ್ತದೇನ್ರೀ?"

"ಗ್ಯಾರಂಟಿ ಕೊಡಂಗಿಲ್ಲ. ಉಳಿದದ್ದು ಇನ್ನೊಂದಿಷ್ಟು ದಿನ ಉಳೀಬಹುದು. ಅಳತಿ ಇಷ್ಟ: ನಡಿಯುವಾಗ ಮಾತಾಡಾಕ ಬರಬೇಕು, ಹಾಡಾಕ ಉಸಿರು ಉಳೀಬಾರದು."

ಉಳಿದದ್ದರಲ್ಲಿ ನಾನೂ ಇದ್ದೆ. ನನ್ನ ಮುಖ, ನನ್ನ ಹೆಸರು ಅವಳಿಗೆ ಇನ್ನೂ ಗೊತ್ತಿತ್ತು. ಅದೊಂದು ಉಳಿದರೆ ಸಾಕಿತ್ತು ನನಗೆ.

ಮರುದಿನದಿಂದಲೇ ಬಿಸಿಲೇರುವ ಮೊದಲು ಶಾಲೆಯ ಮೈದಾನಕ್ಕೆ ಕರೆದೊಯ್ದೆ. ಮೊದಲ ವಾರ ನನ್ನ ತೋಳು ಹಿಡಿದು ಅರ್ಧ ಸುತ್ತು. ತಿಂಗಳಲ್ಲಿ ಕಾಲುಗಳಿಗೆ ಹಳೆಯ ರೂಢಿ ಬಂತು, ಒಬ್ಬಳೇ ನಡೆದಳು. ನಡೆಯುತ್ತ ನಡೆಯುತ್ತ ನಾಟಿ ಹಾಡು ಹೇಳತೊಡಗಿದಳು. ಎಷ್ಟು ವರ್ಷವಾಗಿತ್ತು ಆ ದನಿ ಕೇಳಿ! ಆದರೆ ಹಾಡುತ್ತಿದ್ದಾಳೆಂದರೆ ನಡಿಗೆ ಸಾಲದು ಎಂದೇ ಅರ್ಥವಲ್ಲವೇ? ನನ್ನ ತಲೆಯಲ್ಲಿ ಡಾಕ್ಟರರ ಅಳತೆಯೊಂದೇ ಕೂತಿತ್ತು. ಸೀಟಿ ಊದಿದೆ.

"ಹಾಡು ಸಾಕು, ಜೋರ್ ನಡಿ!"

ಅವ್ವ ಗಕ್ಕನೆ ನಿಂತಳು. ಸೆರಗು ತಲೆಗೆ ಎಳೆದುಕೊಂಡು, ನೆಲ ನೋಡುತ್ತ, "ಆತ್ರೀ ಗೌಡಸಾನಿ" ಎಂದಳು.

"ಯವ್ವಾ, ನಾ ಶಶಿ ಬೇ! ನೋಡಿಲ್ಲಿ!"

ನೋಡಿದಳು. ಬಡವರು ದೊಡ್ಡವರ ಮಾತಿಗೆ ನಗಲೇಬೇಕಾದಾಗ ನಗುತ್ತಾರಲ್ಲ, ಹಾಗೆ ನಕ್ಕಳು. "ಚ್ಯಾಷ್ಟಿ ಮಾಡಬ್ಯಾಡ್ರೀ. ನಮ್ ಶಶಿಗೆ ಇನ್ನಾ ಹಲ್ಲು ಬಂದಿಲ್ಲ."

ಅವತ್ತಿನಿಂದ ನಾನು ಗೌಡಸಾನಿಯೇ ಆದೆ. ಎರಡು ಸುತ್ತು ಮುಗಿಯುವಷ್ಟರಲ್ಲಿ ಮೈದಾನದ ಮೂಲೆಯಲ್ಲಿ ಕುಕ್ಕರಿಸಿ, ಇನ್ನು ಆಗದು ಎನ್ನುತ್ತಿದ್ದಳು. ಕಣ್ಣೀರಿಟ್ಟು ಬೇಡಿಕೊಂಡೆ, ಏಳಲಿಲ್ಲ. ಕೊನೆಗೆ ಒಂದು ದಿನ ನನ್ನ ಬಾಯಿಂದಲೇ ಆ ಮಾತು ಬಂತು: "ಮನ್ಯಾಗ ನಿನ್ ಕೂಸು ಅಳಾಕತ್ತದ. ಆರು ಸುತ್ತು ಮುಗಸು, ಬಿಡ್ತೀನಿ."

ಎದ್ದಳು ನೋಡಿ! ಅರವತ್ತೆಂಟರ ಮುದುಕಿ ಸೀರೆ ಎತ್ತಿ ಕಟ್ಟಿ ದಡದಡ ನಡೆದಳು. ಉಸಿರು ಏರಿತು. ಹಾಡು ನಿಂತಿತು. ಅಳತೆ ಸರಿಯಾಯಿತು. ಪಾಪಿ ನಾನು, ಮರುದಿನವೂ ಅದನ್ನೇ ಹೇಳಿದೆ.

ಮೂರು ತಿಂಗಳಿಗೆ ಡಾಕ್ಟರ್ ಖುಷಿಪಟ್ಟರು. ಬಿಪಿ ಇಳಿದಿದೆ, ನಿದ್ದೆ ಬರುತ್ತಿದೆ, ಕಾಲಲ್ಲಿ ಬಲ ಬಂದಿದೆ. "ಆದ್ರ ನಾ ಯಾರಂತ ಗೊತ್ತಿಲ್ರೀ ಮೇಡಂ" ಎಂದೆ. ಅವರು ನನ್ನ ಕೈ ಹಿಡಿದು, "ಬಿಡಬ್ಯಾಡ್ರಿ, ನಡಸ್ರಿ" ಎಂದರು, ಅಷ್ಟೇ.

ನಡೆಸುತ್ತಿದ್ದೇನೆ. ದಿನಾ ಮನೆಗೆ ಬಂದವಳೇ ಅವ್ವ ಕೂಸನ್ನು ಹುಡುಕುತ್ತಾಳೆ. ಮಂಚದ ಕೆಳಗೆ, ಬಾಗಿಲ ಹಿಂದೆ, ಅಡುಗೆಮನೆಯ ಮೂಲೆಯಲ್ಲಿ. ಸಿಗುವುದಿಲ್ಲ. ಎದೆ ಬಡಿದುಕೊಂಡು ಅಳುತ್ತಾಳೆ, ದಾವಲ್ ಬೀ ನನ್ನ ಕಡೆ ನೋಡದೆ ಹಿತ್ತಲಿಗೆ ಹೋಗುತ್ತಾಳೆ. ಊಟದ ಹೊತ್ತಿಗೆ ಅವ್ವ ಮರೆಯುತ್ತಾಳೆ. ನನಗೆ ಮರೆಯಲಾಗುವುದಿಲ್ಲ.

ಇವತ್ತು ಐದನೇ ಸುತ್ತಿಗೇ ಅವಳು ನನ್ನ ಹತ್ತಿರ ಬಂದು ಕೈ ಮುಗಿದಳು. ಹಣೆಯ ಬೆವರು ಕಣ್ಣಿಗೆ ಇಳಿಯುತ್ತಿತ್ತು. ನನ್ನ ಕೊರಳಲ್ಲಿ ಸೀಟಿ ನೇತಾಡುತ್ತಿತ್ತು.

"ಇವತ್ತೊಂದಿನ ಜಲ್ದಿ ಬಿಡ್ರೀ ಗೌಡಸಾನಿ, ನಾಳಿ ಒಂದು ಸುತ್ತು ಜಾಸ್ತಿ ಹಾಕ್ತೀನಿ. ದಿನಾ ಹಿಂಗ ತಡ ಆದ್ರ ನನ್ ಕೂಸು ನನ್ನ ಮಾರಿ ಮರೀತದ್ರೀ."